ಒಂದೇ ಅಂಗಡಿಯ ಎರಡು ಫೋನು

ಯುಗಾದಿ ಕಳೆದು ಬಿಸಿಲು ನೆತ್ತಿ ಸುಡುವ ದಿನಗಳು. ಕಡಲೆ ರಾಶಿ ಎಂದೋ ಮುಗಿದು, ಎರೆ ಹೊಲಗಳು ಬಿರುಕು ಬಿಟ್ಟು ಮಲಗಿದ್ದವು. ಯಲಬುರ್ಗಾ ಕಡೆಯ ಆ ಊರಿನಲ್ಲಿ ಈಗ ಕೈಗೆ ಕೆಲಸವೆಂದರೆ ಕೆರೆಯದೊಂದೇ. ಉದ್ಯೋಗ ಖಾತ್ರಿಯಲ್ಲಿ ಹೂಳೆತ್ತುವ ಕೆಲಸ ನಡೆದಿತ್ತು. ಗಂಡಸರು ಗುದ್ದಲಿ ಹಾಕಿ ಕಡಿಯುವುದು, ಹೆಂಗಸರು ಬುಟ್ಟಿ ತುಂಬಿ ಏರಿಗೆ ಹೊತ್ತು ಹಾಕುವುದು. ಬಿಸಿಲು ಬಲಿಯುವುದರೊಳಗೆ ಆ ದಿನಕ್ಕೆ ಹಾಕಿಕೊಟ್ಟ ಅಳತೆ ಮುಗಿಸಬೇಕೆಂದು ಎಲ್ಲರೂ ನಸುಕಿನಲ್ಲೇ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು.

ಕೆರೆಯಲ್ಲಿ ಎರಡು ಗುಂಪು. ಒಂದಕ್ಕೆ ದುರಗಮ್ಮ ಕಾಯಕ ಬಂಧು, ಇನ್ನೊಂದಕ್ಕೆ ಸುರೇಖಾ. ಕಾಯಕ ಬಂಧು ಎಂದರೆ ಗುಂಪಿನ ಮುಂದಾಳು. ಮುಂಜಾನೆ ಒಮ್ಮೆ, ಮಧ್ಯಾಹ್ನ ಒಮ್ಮೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಫೋನಿನಲ್ಲಿ ಹಾಜರಿ ಫೋಟೊ ಹೊಡೆದು ಕಳಿಸುವುದು ಅವರ ಹೊಣೆ. ಫೋಟೊ ತಪ್ಪಿದರೆ ಆ ದಿನದ ಕೂಲಿಗೆ ಕುತ್ತು.

ದುರಗಮ್ಮನ ಮನೆಗೂ ಸುರೇಖಾಳ ಮನೆಗೂ ನಡುವೆ ಒಂದೇ ಗೋಡೆ. ಹೋದ ವರ್ಷ ಇಬ್ಬರೂ ಒಂದೇ ಬಸ್ಸಿಗೆ ಕೊಪ್ಪಳಕ್ಕೆ ಹೋಗಿ, ಒಂದೇ ಅಂಗಡಿಯಲ್ಲಿ, ಒಂದೇ ಕಂಪನಿಯ ನೀಲಿ ಬಣ್ಣದ ಫೋನು ತಂದಿದ್ದರು. ಅದೇ ದುರಗಮ್ಮನ ಎದೆಗೆ ಮುಳ್ಳಾಗಿ ಕೂತಿತ್ತು. ಸುರೇಖಾಳ ಫೋನು ಸಂಜೆಯಾದರೂ ತುಂಬಿದ ಕೊಡದಂತಿರುತ್ತಿತ್ತು. ಇವಳದು ಚಾರ್ಜಿಗೆ ಹಾಕಿದರೆ ಒಮ್ಮೆ ಹಿಡಿಯುತ್ತಿತ್ತು, ಒಮ್ಮೆ ಬಿಡುತ್ತಿತ್ತು. ವಾಯರನ್ನು ಎಡಕ್ಕೆ ತಿರುಚಿ, ಮೇಲೆ ಖಾರಪುಡಿ ಡಬ್ಬಿ ಹೇರಿಟ್ಟರೆ ಸ್ವಲ್ಪ ಏರುತ್ತಿತ್ತು. ಯಾರಾದರೂ ಬಾಗಿಲು ಜೋರಾಗಿ ಹಾಕಿದರೆ ಸಾಕು, ಮತ್ತೆ ನಿಂತುಬಿಡುತ್ತಿತ್ತು.

"ಬ್ಯಾಟ್ರಿ ಹೋಗಿರಬೇಕು" ಎಂದ ಗಂಡ ಓಬಳೆಪ್ಪ.

"ಬ್ಯಾಟ್ರಿ ಅಲ್ಲ, ಕಣ್ಣು. ಆಕಿ ಕಣ್ಣು ಬಿದ್ದೈತಿ" ಎಂದಳು ದುರಗಮ್ಮ, ಗೋಡೆಯ ಕಡೆ ಗದ್ದ ತಿರುವಿ. "ಗಂಗಾವತಿ ನೀರಾವರಿ ನೆಲದಾಕಿ. ತವರಾಗ ವರ್ಷಕ್ಕ ಎರಡು ಬೆಳಿ ನೋಡ್ಕೋತ ಬೆಳದಾಕಿ. ನಾ ಅಕಿಗಿಂತ ಮೊದಲ ಕಾಯಕ ಬಂಧು ಆಗೇನಿ ಅಂತ ಹೊಟ್ಟಿಕಿಚ್ಚು."

ಹೊಟ್ಟೆಕಿಚ್ಚು ಯಾರದೆಂದು ಓಬಳೆಪ್ಪನಿಗೆ ಗೊತ್ತಿತ್ತು. ಆದರೆ ರೊಟ್ಟಿ ಬಡಿಯುವ ಹೊತ್ತಿನಲ್ಲಿ ಅದನ್ನು ಬಾಯಿಬಿಟ್ಟು ಹೇಳುವಷ್ಟು ಧೈರ್ಯಸ್ಥ ಅವನಲ್ಲ.

ದೃಷ್ಟಿ ಹೋಗಲೆಂದು ದುರಗಮ್ಮ ಮಂಗಳವಾರ, ಶುಕ್ರವಾರ ತಪ್ಪದೆ ಫೋನಿಗೆ ಭಂಡಾರ ಹಚ್ಚುತ್ತಿದ್ದಳು. ಹುಲಗಿಗೆ ಹೋದಾಗ ಅಮ್ಮನ ಗುಡಿಯಿಂದ ತಂದಿಟ್ಟ ಅರಿಶಿನ ಪುಡಿ ಅದು. ಒಣ ಪುಡಿ ನಿಲ್ಲುವುದಿಲ್ಲವೆಂದು ಒಂದು ಹನಿ ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚುವಳು. ಕರೆಂಟು ಒಳಗೆ ಹೋಗುವುದು ಕೆಳಗಿನ ತೂತಿನಿಂದಲ್ಲವೇ, ದೃಷ್ಟಿ ತಗಲುವುದೂ ಅಲ್ಲಿಗೇ ಎಂದು ಅಲ್ಲಿ ಎರಡು ಬೆರಳು ಹೆಚ್ಚು. ಫೋನು ಹಟ ಹಿಡಿದಷ್ಟೂ ಭಂಡಾರ ದಪ್ಪವಾಗುತ್ತಿತ್ತು.

ಆ ಬುಧವಾರ ಮಧ್ಯಾಹ್ನದ ಫೋಟೊ ಹೊತ್ತಿಗೆ ಫೋನು ಪೂರ್ತಿ ಕಣ್ಣು ಮುಚ್ಚಿತು. ಗುಂಪಿನ ಹೆಂಗಸರು ಬುಟ್ಟಿ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಸಾಲು ನಿಂತಿದ್ದರು. ಮುಂದೆ ಶಾಂತಕ್ಕ. ಗಂಡ ತೀರಿಕೊಂಡ ಹೆಂಗಸು, ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳು.

"ಹೊಡಿಯವ್ವ ಲಗೂನ. ಕಾಲು ಸುಡಾಕ ಹತ್ಯಾವ" ಎಂದಳು ಶಾಂತಕ್ಕ.

ದುರಗಮ್ಮ ಗುಂಡಿ ಒತ್ತಿದಳು. ಒತ್ತಿ ಹಿಡಿದಳು. ಫೋನನ್ನು ಅಂಗೈಗೆ ಬಡಿದಳು. ಆಚೆ ಕಡೆ ಸುರೇಖಾಳ ಗುಂಪಿನ ಫೋಟೊ ಆಗಿಹೋಗಿತ್ತು. ಅಲ್ಲಿ ಯಾರೋ ನಕ್ಕರು. ತನ್ನನ್ನು ನೋಡಿಯೇ ನಕ್ಕರೆಂದು ದುರಗಮ್ಮನ ಕಿವಿ ಕಾದವು.

ಸುರೇಖಾ ತಾನಾಗಿಯೇ ಹತ್ತಿರ ಬಂದಳು. "ಯಕ್ಕಾ, ನಿನ್ನ ಸಿಮ್ ತಗದು ನನ್ನ ಫೋನಿಗೆ ಹಾಕು. ಅದರಾಗ ಹಾಜರಿ ಆ್ಯಪ್ ನಿನ್ನ ಹೆಸರಿಲೆ ತೆರೆದು ನೋಡೋಣು. ಆದ್ರ ಫೋಟೊ ಹೋಗ್ತೈತಿ."

ಅದೇ ನೀಲಿ ಫೋನು, ಅದೇ ಗಾತ್ರ. ಪರದೆಯ ಮೂಲೆಯಲ್ಲಿ ಚಾರ್ಜಿನ ಗುರುತು ತುಂಬ ಹಸಿರಾಗಿ ನಗುತ್ತಿತ್ತು. ದುರಗಮ್ಮನಿಗೆ ಅದನ್ನು ಮುಟ್ಟಲೂ ಮನಸ್ಸಾಗಲಿಲ್ಲ.

"ಬೇಕಾಗಿಲ್ಲ. ನಂದು ಈಗ ಏಳ್ತೈತಿ."

ಏಳಲಿಲ್ಲ. ಹೊತ್ತು ಮೀರಿತು. ಸಂಜೆ ಪಂಚಾಯ್ತಿಯಿಂದ ಮಾತು ಬಂತು. ಇದು ಎರಡನೆಯ ಸಲ, ಇನ್ನೊಮ್ಮೆ ಹೀಗಾದರೆ ದುರಗಮ್ಮನ ಗುಂಪನ್ನು ಸುರೇಖಾಳಿಗೇ ಕೂಡಿಸುವುದು ಎಂದು.

ದುರಗಮ್ಮನ ತಲೆಯಲ್ಲಿ ಅದೇ ಮಾತು ಸುತ್ತಿತು. ಗುಂಪು ಹೋದರೆ ಹೋಗಲಿ, ಬೇರೆ ಯಾರಿಗಾದರೂ ಹೋಗಬಾರದೇ? ಸುರೇಖಾಳಿಗೇ ಏಕೆ? ಇಬ್ಬರ ಫೋನೂ ಒಂದೇ ಅಂದಮೇಲೆ ಆಕೆಯ ಚಾರ್ಜರಿನಲ್ಲೇ ಏನೋ ಇರಬೇಕು. ಅಂಗಡಿಯವನು ಒಳ್ಳೆಯದನ್ನು ಆಕೆಗೆ ಕೊಟ್ಟು, ಕಳಪೆ ಮಾಲನ್ನು ತನಗೆ ಕಟ್ಟಿರಬೇಕು. ಗಂಗಾವತಿ ಮಾತು ಆಡುವವರನ್ನು ಕಂಡರೆ ಅಂಗಡಿಯವರಿಗೂ ಮರ್ಯಾದೆ!

ಅಂದು ಸಂಜೆ ಹೆಂಗಸರ ಸಂಘದ ಸಭೆ. ಸಂಘದ ಕೋಣೆಯಲ್ಲಿ ಎರಡು ಸ್ವಿಚ್ ಬೋರ್ಡು. ಇಬ್ಬರೂ ಒಂದೊಂದಕ್ಕೆ ಫೋನು ಚುಚ್ಚಿ ಕೂತರು. ಸಭೆ ಮುಗಿದು ಎಲ್ಲರೂ ಚಪ್ಪಲಿ ಹುಡುಕುವ ಗಡಿಬಿಡಿಯಲ್ಲಿ ದುರಗಮ್ಮ ಸುರೇಖಾಳ ಚಾರ್ಜರನ್ನು ಕಿತ್ತು ಮಡಿಲಿಗೆ ಹಾಕಿಕೊಂಡಳು. ತನ್ನದನ್ನು ಅಲ್ಲೇ ಬಿಟ್ಟಳು. ಮನೆ ಮುಟ್ಟುವವರೆಗೂ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ತಿರುತಿರುಗಿ ನೋಡಿದಳು. ಆದರೂ ಒಳಗೊಳಗೇ ಒಂದು ಸಿಹಿ. ನಾಳೆ ನೋಡೋಣ, ಯಾರ ಫೋನು ಯಾವಾಗ ಮಲಗುತ್ತದೆ!

ಬೆಳಿಗ್ಗೆ ಎದ್ದು ನೋಡಿದರೆ ಅದೇ ಕಥೆ. ಚಾರ್ಜು ತುಸು ಏರಿ ನಿಂತಿತ್ತು. ವಾಯರನ್ನು ತಿರುಚಿ ಹಿಡಿದು ಕೂತಿರುವಾಗಲೇ ಬಾಗಿಲಲ್ಲಿ ನೆರಳು ಬಿತ್ತು. ಸುರೇಖಾ. ಕೈಯಲ್ಲಿ ದುರಗಮ್ಮನ ಚಾರ್ಜರು.

"ಯಕ್ಕಾ, ನಿನ್ನಿ ನಮ್ಮ ಚಾರ್ಜರ್ ಅದಲುಬದಲು ಆಗ್ಯಾವ."

ದುರಗಮ್ಮನ ಮುಖ ಕಪ್ಪಿಟ್ಟಿತು. ಆದರೂ ಬಾಯಿಗೆ ಬಂದದ್ದು ಬೇರೆಯೇ ಮಾತು: "ನಿನ್ನ ಫೋನು ಚಾರ್ಜ್ ಆಗೇತೇನ?"

"ತುಂಬೇತಿ ನೋಡು. ನಿನ್ನ ಚಾರ್ಜರಿಲೆನ ತುಂಬೇತಿ."

"ಆ ಹಾಳ ಚಾರ್ಜರಿಗೂ ನಿನ್ನ ಕಂಡ್ರ ಪ್ರೀತಿ!"

ಸುರೇಖಾ ಕಿಸಕ್ಕನೆ ನಕ್ಕು ಹೊಸ್ತಿಲ ಒಳಗೆ ಬಂದು ಕೂತಳು. "ನನ್ನ ಚಾರ್ಜರಿಲೆ ನಿಂದು ತುಂಬೇತೇನ ಮತ್ತ?"

ಸುಳ್ಳು ಹೇಳೋಣವೆಂದರೆ ಫೋನು ಎದುರಿಗೇ ಕುಟುಕುಜೀವ ಹಿಡಿದು ಬಿದ್ದಿತ್ತು. ಕೆರೆಗೆ ಹೋಗುವ ಹೊತ್ತು ಹತ್ತಿರ ಬರುತ್ತಿತ್ತು. "ಇಲ್ಲ" ಎಂದಳು ದುರಗಮ್ಮ. ಆಮೇಲೆ ನೆಲ ನೋಡುತ್ತ ಹೇಳಿದಳು: "ಅದಲುಬದಲು ಆಗಿಲ್ಲ ಸುರೇಖಾ. ನಾನ ತಂದೇನಿ."

"ಗೊತ್ತೈತಿ ಬಿಡು. ಬ್ಯಾರೆ ಬ್ಯಾರೆ ಬೋರ್ಡಿಗೆ ಚುಚ್ಚಿದ್ವಿ. ಎದ್ದು ನಡಕೊಂಡು ಹೋಗಾಕ ಚಾರ್ಜರಿಗೆ ಕಾಲಿಲ್ಲ." ಸುರೇಖಾಳ ದನಿಯಲ್ಲಿ ಸಿಟ್ಟು ಇಲ್ಲದೆ ಇರಲಿಲ್ಲ. ಆದರೆ ಅವಳು ಅದನ್ನು ಅಲ್ಲಿಗೇ ಬಿಟ್ಟಳು. "ತಂದಿದ್ದೂ ಛಲೋ ಆತು. ನೀನ ಪರೀಕ್ಷಾ ಮಾಡಿದಂಗಾತು. ನಿನ್ನ ಚಾರ್ಜರಿಲೆ ನನ್ನ ಫೋನು ತುಂಬಿತು. ಅಂದ್ರ ಚಾರ್ಜರ್ ಸುದ್ದ ಐತಿ. ನನ್ನ ಚಾರ್ಜರಿಲೆ ನಿನ್ನ ಫೋನು ತುಂಬಲಿಲ್ಲ. ಅಂದ್ರ ಬ್ಯಾನಿ ಎಲ್ಲೈತಿ?"

"ಫೋನಿನ್ಯಾಗ?"

"ಇಲ್ಲಾ ನಿಮ್ಮ ಗೋಡಿ ಬೋರ್ಡಿನ್ಯಾಗ. ಅದನ್ನೂ ನೋಡಿಬಿಡೋಣು." ಸುರೇಖಾ ತನ್ನ ಫೋನನ್ನು ಅದೇ ಬೋರ್ಡಿಗೆ ಹಾಕಿದಳು. ಪರದೆಯಲ್ಲಿ ಮಿಂಚಿನ ಗುರುತು ತಟ್ಟನೆ ಬಂತು, ಬಂದದ್ದು ಹೋಗಲಿಲ್ಲ. "ಬೋರ್ಡೂ ಸುದ್ದ ಐತಿ. ತಾ ನಿನ್ನ ಫೋನು."

"ನೀ ಎಲ್ಲಿ ಕಲತಿ ಇದನ್ನೆಲ್ಲ?"

"ಗಂಗಾವತ್ಯಾಗ ನಮ್ಮಣ್ಣ ಮೊಬೈಲ್ ರಿಪೇರಿ ಅಂಗಡಿ ಇಟ್ಟಾನ. ಹತ್ತು ಮಂದಿ ಚಾರ್ಜ್ ಆಗವಲ್ದು ಅಂತ ಬಂದ್ರ ಭಾಳ ಮಂದೀದು ಹೊಸಾ ಸಾಮಾನು ಏನೂ ಬೇಕಾಗಂಗಿಲ್ಲ, ಬರೇ ಕಸ ತಗದು ಕಳಿಸ್ತಾನ."

ಸುರೇಖಾ ಫೋನನ್ನು ಬೆಳಕಿಗೆ ಹಿಡಿದು ಚಾರ್ಜಿನ ವಾಯರು ಚುಚ್ಚುವ ಬಾಯೊಳಗೆ ಇಣುಕಿದಳು. ಆಮೇಲೆ ಕೇಳಿದಳು: "ಯಕ್ಕಾ, ಇದರಾಗ ಹೋಳಿಗಿ ಹೂರಣ ತುಂಬೀಯೇನ?"

ದುರಗಮ್ಮ ಬಗ್ಗಿ ನೋಡಿದಳು. ಮೇಲೆ ಅರಿಶಿನ ಎಣ್ಣೆಯಲ್ಲಿ ಕೂಡಿ ಗಟ್ಟಿಯಾಗಿ ಕೂತಿತ್ತು. ಅದರ ಕೆಳಗೆ ಕೆರೆಯ ಎರೆಮಣ್ಣಿನ ಕಪ್ಪು. ಬುಟ್ಟಿ ಹೊರುವ ಸಿಂಬಿಯ ಬಟ್ಟೆಯಲ್ಲೇ ಅವಳು ಫೋನು ಸುತ್ತಿಡುತ್ತಿದ್ದಳು. ಧೂಳು ಮೊದಲು ಸೇರಿತ್ತು, ಭಂಡಾರ ಅದರ ಮೇಲೆ ಗಿಲಾವು ಮಾಡಿತ್ತು.

"ದೃಷ್ಟಿ ಆಗೇತಿ ಅಂತ..." ದುರಗಮ್ಮ ತೊದಲಿದಳು.

"ಯಾರದು?"

ದುರಗಮ್ಮ ನಡುಗೋಡೆಯ ಕಡೆ ನೋಡಿದಳು. ಸುರೇಖಾಳಿಗೆ ಅರ್ಥವಾಯಿತು. "ನಂದ? ಯವ್ವಾ, ನಿನ್ನ ಗುಂಪು ನನ್ನ ತಲಿ ಮ್ಯಾಲ ಬಿದ್ರ ನನಗ ಉಣ್ಣಾಕೂ ಪುರುಸೊತ್ತು ಸಿಗಂಗಿಲ್ಲ. ಶಾಂತಕ್ಕನ ಬಾಯಿ ಯಾರು ತಡ್ಕೋಬೇಕು? ನೀನ ಇಟ್ಕೊ ಆ ಗುಂಪ. ಭಂಡಾರ ಹಣಿಗೆ ಹಚ್ಚು, ಬಾಗಿಲಿಗೆ ಹಚ್ಚು. ಫೋನಿಗೆ ಹಣಿ ಇಲ್ಲ."

ದುರಗಮ್ಮ ಅವಸರದಿಂದ ಬಳೆಗೆ ಸಿಕ್ಕಿಸಿದ್ದ ಪಿನ್ನನ್ನು ತೆಗೆದಳು. ಸುರೇಖಾ ಅವಳ ಕೈ ಹಿಡಿದಳು.

"ಪಿನ್ನು, ಸೂಜಿ ಒಟ್ಟ ಬ್ಯಾಡ. ನಡುವ ಒಂದು ಸಣ್ಣ ನಾಲಿಗಿ ಐತಿ, ಅದು ಮುರದ್ರ ಫೋನಿಗೆ ದವಾಖಾನಿನ ಗತಿ. ಮೊದಲ ವಾಯರ್ ಕೀಳು. ಫೋನು ಪೂರ್ತಿ ಬಂದ್ ಮಾಡು."

"ಬಂದ್ ಮಾಡಿದ್ರ ಮತ್ತ ಏಳಲಿಲ್ಲಂದ್ರ?"

"ಈಗೇನು ಎದ್ದು ಕುಣ್ಯಾಕ ಹತ್ತೇತೇನ?"

ಸುರೇಖಾ ಕಡ್ಡಿಪೆಟ್ಟಿಗೆಯಿಂದ ಒಂದು ಕಡ್ಡಿ ತೆಗೆದು, ಮದ್ದಿನ ತುದಿ ಮುರಿದು, ಉಗುರಿನಿಂದ ತೆಳ್ಳಗೆ ಸೀಳಿದಳು. ಫೋನಿನ ಬಾಯಿ ಕೆಳಗೆ ಮಾಡಿ, ಅದರ ಒಳಗೋಡೆಯ ಅಂಚಿಗುಂಟ ಮೆಲ್ಲಗೆ ಕೆರೆದಳು. ಅರಿಶಿನದ ಹಕ್ಕಳೆ ಉದುರಿತು. ಆಮೇಲೆ ಕಪ್ಪು ಮಣ್ಣು. ಆಮೇಲೆ ಸಿಂಬಿಯ ಎಳೆ. ದುರಗಮ್ಮ ಉಫ್ ಎಂದು ಊದಲು ಬಾಯಿ ತಂದಳು.

"ಊದಬ್ಯಾಡ ಯಕ್ಕಾ, ಉಗುಳು ಒಳಗ ಹೋಗ್ತೈತಿ. ನೀರು ಬ್ಯಾಡ, ಎಣ್ಣಿ ಬ್ಯಾಡ, ಬಿಸಿಲಾಗ ಒಣಗಸೂದೂ ಬ್ಯಾಡ. ಹಿಂಗ ಅಂಗೈಗೆ ಮೆಲ್ಲಕ ತಟ್ಟು, ಅಷ್ಟ."

ವಾಯರಿನ ತುದಿಯನ್ನೂ ಒಣ ಬಟ್ಟೆಯಿಂದ ಒರೆಸಿ ಹಾಕಿದಾಗ 'ಟಕ್' ಎಂದು ಒಳಗೆ ಕೂತಿತು. ಇಷ್ಟು ದಿನ ಆ ಸದ್ದು ಬಂದಿರಲಿಲ್ಲ ಎಂಬುದು ದುರಗಮ್ಮನಿಗೆ ಆಗ ಹೊಳೆಯಿತು. ಮಿಂಚಿನ ಗುರುತು ಬಂತು. ಅವಳು ಖಾರಪುಡಿ ಡಬ್ಬಿಗೆ ಕೈ ಹಾಕಿದಳು.

"ಡಬ್ಬಿ ಜಾಗಾಕ್ಕ ಇಡು" ಎಂದಳು ಸುರೇಖಾ. "ಅಲುಗಿಸಿ ನೋಡು."

ಅಲುಗಿಸಿದರೂ ಗುರುತು ಹೋಗಲಿಲ್ಲ. ಬುತ್ತಿ ಕಟ್ಟುವುದರೊಳಗೆ ಮಧ್ಯಾಹ್ನಕ್ಕೆ ಸಾಲುವಷ್ಟು ಚಾರ್ಜು ಏರಿತ್ತು.

"ಇಷ್ಟು ಮಾಡಿದ್ರೂ ಆಗಲಿಲ್ಲಂದ್ರ?" ಕೇಳಿದ ಓಬಳೆಪ್ಪ. ಅಷ್ಟು ಹೊತ್ತೂ ಅವನು ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದ.

"ಆಗ ರಿಪೇರಿಯವನ ಕಡೆ ಹೋಗ್ರಿ ಮಾವ. ನೀವ ಬಿಚ್ಚಾಕ ಹೋಗಬ್ಯಾಡ್ರಿ. ಮತ್ತ ಒಂದು ಮಾತು, ಫೋನಿನ ಬೆನ್ನು ಉಬ್ಬಿದ್ರ, ಇಲ್ಲಾ ಕೈ ಸುಡುವಂಗ ಕಾದ್ರ, ಚಾರ್ಜಿಗೆ ಹಾಕಬ್ಯಾಡ್ರಿ. ಅದು ಬ್ಯಾಟ್ರಿ ಕೆಟ್ಟಿದ್ದು. ದಿಂಬಿನ ಕೆಳಗ ಇಟ್ಟು ಚಾರ್ಜ್ ಮಾಡೂದಂತೂ ಒಟ್ಟ ಬ್ಯಾಡ."

ಅಂದು ಎರಡೂ ಫೋಟೊ ಹೊತ್ತಿಗೆ ಸರಿಯಾಗಿ ಹೋದವು. ಗುಂಪು ದುರಗಮ್ಮನ ಕೈಯಲ್ಲೇ ಉಳಿಯಿತು. ಆದರೂ ಆಚೆ ಕಡೆ ಸುರೇಖಾಳ ಫೋಟೊ ತನಗಿಂತ ಮೊದಲು ಆದಾಗ ಎದೆಯಲ್ಲಿ ಸಣ್ಣಗೆ ಚುರುಕ್ ಎಂದಿತು. ಅದು ಒಂದೇ ದಿನಕ್ಕೆ ಹೋಗುವಂಥದ್ದಲ್ಲ.

ಸಂಜೆ ಪಂಚಾಯ್ತಿಗೆ ಹೋಗಿ ಬುಧವಾರದ ಹಾಜರಿ ಕೇಳಿದಳು. ಹೊತ್ತು ಮೀರಿದ್ದು ಮೀರಿತು, ಆ ದಿನ ಕೂಡಿಸಲು ಬರುವುದಿಲ್ಲ ಎಂದರು. ದಾರಿಯಲ್ಲಿ ಶಾಂತಕ್ಕ ಸಿಕ್ಕಳು.

"ಶಾಂತಕ್ಕಾ, ನಿಂದೊಂದು ದಿನದ ಕೂಲಿ ನಾನ ಕೊಡ್ತೀನಿ."

"ನನಗೊಬ್ಬಾಕಿಗೆ ಕೊಟ್ರ ಉಳಿದಾರಿಗೆ? ಎಲ್ಲಾರಿಗೂ ಎಲ್ಲಿಂದ ತರ್ತಿ?" ಶಾಂತಕ್ಕ ಬುಟ್ಟಿಯನ್ನು ಇನ್ನೊಂದು ಬಗಲಿಗೆ ಬದಲಿಸಿದಳು. "ರೊಕ್ಕ ಬ್ಯಾಡ ಬಿಡು. ಅಕಿ ಸಿಮ್ ಕೊಡು ಅಂದಾಗ ಕೊಟ್ಟಿದ್ರ ಸಾಕಾಗಿತ್ತು."

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಫೋನೂ ಒಮ್ಮೆ ಚಾರ್ಜು ಹಿಡಿದು ಒಮ್ಮೆ ಬಿಡುತ್ತಿದೆಯೇ? ಹೊಸದಕ್ಕೆ ದುಡ್ಡು ಹುಡುಕಬೇಡಿ, ಯಾರ ಕಣ್ಣನ್ನೂ ದೂರಬೇಡಿ. ಒಂದೊಂದನ್ನೇ ಬದಲಿಸಿ ನೋಡಿ. ಬೇರೆ ಬೋರ್ಡಿಗೆ ಹಾಕಿ ನೋಡಿ, ಬೇರೆಯವರ ಚಾರ್ಜರು ಕೇಳಿ ತಂದು ನೋಡಿ. ಅವೆಲ್ಲ ಸರಿಯಿದ್ದರೆ ಫೋನನ್ನು ಬಂದ್ ಮಾಡಿ, ಬೆಳಕಿಗೆ ಹಿಡಿದು ಅದರ ಬಾಯೊಳಗೆ ನೋಡಿ. ಒಣಗಿದ ತೆಳು ಕಟ್ಟಿಗೆಯ ಕಡ್ಡಿಯಿಂದ ಕಸ ಮೆಲ್ಲಗೆ ತೆಗೆಯಿರಿ. ಅದಕ್ಕೂ ಬಗ್ಗದಿದ್ದರೆ ರಿಪೇರಿಯವರಿಗೆ ತೋರಿಸಿ. ಇಂದು ನಮ್ಮ ಹಾಜರಿ, ಪಿಂಚಣಿ, ಮಕ್ಕಳ ಶಾಲೆ, ಅವಸರಕ್ಕೆ ಆಂಬುಲೆನ್ಸು ಎಲ್ಲವೂ ಈ ಅಂಗೈಯಗಲದ ಯಂತ್ರದಲ್ಲಿದೆ.

ಫೋನು ಮಲಗಿದ ಹೊತ್ತಿನಲ್ಲಿ ಪಕ್ಕದ ಮನೆಯಾಕೆ ತನ್ನದನ್ನು ಕೊಡಲು ಬಂದರೆ, ಮುಖ ತಿರುವದೆ ಇಸಿದುಕೊಳ್ಳಿ. ನಿಮ್ಮ ಹಿಂದೆ ಬಿಸಿಲಿನಲ್ಲಿ ಸಾಲು ನಿಂತವರು ಇದ್ದಾರೆ.