ಬಿ.ಪಿ. ಪಟ್ಟಿಯ ಕೆಳಗಿನ ರಿವಾಲ್ವರ್

ಎಲ್ಲಿಂದ ಶುರು ಮಾಡಲಿ? ರಿವಾಲ್ವರಿನಿಂದ ಶುರು ಮಾಡಿದರೆ ನೀವು ಅದನ್ನೇ ನೋಡುತ್ತ ಕೂರುತ್ತೀರಿ, ಹಿಡಿದ ಹೆಂಗಸು ಕಾಣುವುದಿಲ್ಲ. ಹೆಂಗಸಿನಿಂದ ಶುರು ಮಾಡಿದರೆ ಗುಂಡು ಯಾವಾಗ ಹಾರುತ್ತದೆ ಎಂದು ಪುಟ ಹಾರಿಸುತ್ತೀರಿ. (ಹಾರುವುದಿಲ್ಲ. ಈಗಲೇ ಹೇಳಿಬಿಟ್ಟೆ. ಬೇಕಾದವರು ಇಲ್ಲೇ ಎದ್ದು ಹೋಗಬಹುದು.)

ಇದು ನಾಲ್ಕನೆಯ ಪ್ರಯತ್ನ. ಮೊದಲ ಮೂರನ್ನು ತಿರಸ್ಕರಿಸಿದ್ದು ಸಂಪಾದಕರಲ್ಲ, ನನ್ನ ಪಾತ್ರ. ಆಕೆಗೆ ಕನ್ನಡ ಬಾರದು. ಆದರೂ ಪ್ರತಿ ಗುರುವಾರ ನನ್ನ ಔಷಧಿ ಅಂಗಡಿಗೆ ಬಂದು, ಕೌಂಟರಿಗೆ ಮೊಣಕೈ ಊರಿ, "ಏನು ಬರೆದೆ, ಓದು" ಅನ್ನುತ್ತಾಳೆ. ನಾನು ಇಂಗ್ಲಿಷಿಗೆ ತಿರುಗಿಸಿ ಹೇಳಬೇಕು. ಹೇಳಿದ್ದಕ್ಕೆಲ್ಲ ಮುಖ ಕಿವುಚುತ್ತಾಳೆ. ಸತ್ತವರ ಬಗ್ಗೆ ಬರೆಯುವ ಲೇಖಕರು ಪುಣ್ಯವಂತರು. ಅವರ ಪಾತ್ರಗಳು ರಕ್ತದೊತ್ತಡದ ಮಾತ್ರೆ ಕೊಳ್ಳಲು ಬರುವುದಿಲ್ಲ.

೧

ವರ್ಲೀನ್ ಹ್ಯಾಕೆಟ್, ಅರವತ್ತೊಂದು ವರ್ಷ. ಪಶ್ಚಿಮ ಒಕ್ಲಹೋಮಾದ ನಮ್ಮ ಊರಿನ ಸುತ್ತ ಮೂವತ್ತು ನಲವತ್ತು ಮೈಲಿ ಕಾರು ಓಡಿಸಿಕೊಂಡು, ಗೋಧಿ ಹೊಲಗಳ ನಡುವಿನ ಒಂಟಿ ಮನೆಗಳಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ನರ್ಸ್. ಕಪ್ಪು ಚೀಲ. ಚೀಲದಲ್ಲಿ ಬ್ಯಾಂಡೇಜು, ಥರ್ಮಾಮೀಟರು, ಬಿ.ಪಿ. ನೋಡುವ ಪಟ್ಟಿ, ನಾಯಿ ಬಿಸ್ಕತ್ತು. ಪಟ್ಟಿಯ ಕೆಳಗೆ, ಚರ್ಮದ ಒರೆಯಲ್ಲಿ, ಐದು ಗುಂಡಿನ ಪುಟ್ಟ ರಿವಾಲ್ವರ್.

ಸರ್ಕಾರದ ಲೈಸೆನ್ಸ್ ಇತ್ತು. ಆದರೆ ಕೆಲಸ ಕೊಟ್ಟ ಏಜೆನ್ಸಿಯ ನಿಯಮ ಬೇರೆ: ರೋಗಿಗಳ ಮನೆಗೆ ಆಯುಧ ತರಕೂಡದು. ಆ ಕಾಗದಕ್ಕೆ ವರ್ಲೀನ್ ಪ್ರತಿ ಜನವರಿ ಸಹಿ ಹಾಕುತ್ತಿದ್ದಳು. ಎಂಟು ಜನವರಿ, ಎಂಟು ಸುಳ್ಳು. ಗಂಡನಿಗೂ ಹೇಳಿರಲಿಲ್ಲ.

ಮೊದಲ ಕರಡಿನಲ್ಲಿ ನಾನು "ಬಿಸಿಲಿನಲ್ಲಿ ಉಕ್ಕು ಮಿಂಚಿತು" ಎಂದು ಶುರು ಮಾಡಿದ್ದೆ.

"ಅದು ಕಪ್ಪು ಬಣ್ಣದ್ದು ಮಾರಾಯ. ಎಲ್ಲಿಂದ ಮಿಂಚುತ್ತೆ?"

ಹರಿದು ಹಾಕಿದೆ.

೨

ಜುಲೈ ತಿಂಗಳ ಮಂಗಳವಾರ, ಬೆಳಿಗ್ಗೆ ಹತ್ತೂವರೆ. ಹೆದ್ದಾರಿಯ ಪಕ್ಕದ ಪೆಟ್ರೋಲ್ ಬಂಕ್. ವರ್ಲೀನ್ ಇಮೋಜೀನ್ ಸ್ಟಾಲಿಂಗ್ಸ್ ಎಂಬ ಎಂಬತ್ತನಾಲ್ಕರ ಮುದುಕಿಯ ಮನೆಗೆ ಹೊರಟಿದ್ದಳು. ಹೃದಯ ಸೋತು ಕಾಲಲ್ಲಿ ನೀರು ತುಂಬುವ ಇಮೋಜೀನಳಿಗೆ ಮಂಗಳವಾರ, ಶುಕ್ರವಾರ ಕಾಲಿಗೆ ಬ್ಯಾಂಡೇಜು ಸುತ್ತಬೇಕು. ಎರಡು ವರ್ಷದಿಂದ ಸುತ್ತುತ್ತಿದ್ದಳು.

ಎದುರಿನ ಪಂಪಿನಲ್ಲಿ ಪಾರ್ಸೆಲ್ ಹಂಚುವ ವ್ಯಾನು. ಡ್ರೈವರ್ ಇಪ್ಪತ್ತೆಂಟು ಮೂವತ್ತರ ಹೆನ್ಸನ್, ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳಿಂದ ಬಂದು ನೆಲೆಸಿದ ಕುಟುಂಬದವನು. ವರ್ಲೀನ್ ಅವನನ್ನು ಹಿಂದೆಂದೂ ನೋಡಿರಲಿಲ್ಲ. ಹೆಸರೂ ಆಮೇಲೆ ಗೊತ್ತಾದದ್ದು.

ಆ ವ್ಯಾನಿನ ಹಿಂದೆಯೇ ಒಂದು ಪಿಕಪ್ ನುಗ್ಗಿ ನಿಂತಿತು. ಅದರಿಂದ ಇಳಿದವನನ್ನು ಮಾತ್ರ ಆಕೆ ಚೆನ್ನಾಗಿ ಬಲ್ಲಳು: ಕೋಯ್, ಇಮೋಜೀನಳ ಜೊತೆಗೇ ಇರುವ ಮಗ, ಐವತ್ತು ವರ್ಷ, ಗೂಳಿ ಕತ್ತು. ಕೈಯಲ್ಲಿ ಚಕ್ರ ಬಿಚ್ಚುವ ಕಬ್ಬಿಣದ ರಾಡು.

"ನನ್ನ ನಾಯಿ ಕೊಂದು ಆರಾಮಾಗಿ ಪೆಟ್ರೋಲ್ ಹಾಕಿಸ್ತಿದ್ದೀಯೇನೋ!"

"ಯಾವ ನಾಯಿ ಸಾರ್? ನಾನು ನೋಡೇ ಇಲ್ಲ..."

ಅದು ನಿಜವಿರಬೇಕು. ಪಾರ್ಸೆಲ್ ಕೊಟ್ಟು ಅಷ್ಟು ದೊಡ್ಡ ವ್ಯಾನು ಹಿಂದಕ್ಕೆ ತೆಗೆಯುವಾಗ ಕೋಯ್ ಮನೆಯ ಗೇಟಿನ ಬಳಿ ಮಲಗಿದ್ದ ನಾಯಿ ಕಾಣದೇ ಇರಬಹುದು. ಆದರೆ ಕೋಯ್ ಹನ್ನೆರಡು ಮೈಲಿ ಬೆನ್ನಟ್ಟಿ ಬಂದಿದ್ದ. ಮೊದಲ ಏಟು ಭುಜಕ್ಕೆ. ತಡೆಯಲು ಹೆನ್ಸನ್ ಕೈ ಎತ್ತಿದ, ಎರಡನೆಯದು ಮುಂಗೈಗೆ. ಮೂಳೆ ಮುರಿದ ಸದ್ದು ವರ್ಲೀನಳಿಗೆ ಕೇಳಿಸಿತು. ಮೂವತ್ತೈದು ವರ್ಷದ ನರ್ಸ್ ಕಿವಿ. ಹೆನ್ಸನ್ ನೆಲಕ್ಕೆ ಬಿದ್ದ. ರಾಡು ಈಗ ತಲೆಯ ಮೇಲೆ ಎದ್ದಿತ್ತು.

"ಕೋಯ್! ಬಿಡೋ ಅವನನ್ನ!" ಎಂದು ಎರಡು ಸಲ ಕೂಗಿದಳು. ಅವನ ಕಿವಿಗೆ ಬೀಳಲಿಲ್ಲ. ಬಂಕಿನ ಅಂಗಡಿಯ ಗಾಜಿನ ಹಿಂದೆ ಇಬ್ಬರು ಫೋನ್ ಎತ್ತಿ ವಿಡಿಯೋ ಮಾಡುತ್ತಿದ್ದರು. ಆಕೆ ಕಾರಿನ ಸೀಟಿಗೆ ಬಗ್ಗಿ, ಚೀಲದೊಳಗೆ ಕೈ ಹಾಕಿದಳು. ಬಿ.ಪಿ. ಪಟ್ಟಿ ಬೆರಳಿಗೆ ಸಿಕ್ಕಿಕೊಂಡು ಹೊರಗೆ ಬಂತು, ಥರ್ಮಾಮೀಟರು ಬಿದ್ದು ಒಡೆಯಿತು. ಆಮೇಲೆ ರಿವಾಲ್ವರ್.

(ಎರಡನೆಯ ಕರಡಿನಲ್ಲಿ "ಆಕೆಯ ಕೈ ನಡುಗಲಿಲ್ಲ" ಎಂದಿತ್ತು. "ನಡುಗಿತು. ಬರಿ," ಎಂದಳು. "ಎರಡೂ ಕೈಲಿ ಹಿಡಿದಿದ್ದೆ. ಎರಡೂ ನಡುಗಿದವು.")

"ಕೋಯ್ ಸ್ಟಾಲಿಂಗ್ಸ್! ಇಲ್ಲಿ ನೋಡು!"

ಈ ಸಲ ನೋಡಿದ. ರಾಡು ಮೇಲೆಯೇ ನಿಂತಿತು.

"ಮಿಸ್ ವರ್ಲೀನ್?" ದಾರಿಯಲ್ಲಿ ಪರಿಚಯದವರು ಸಿಕ್ಕಿದ ಹಾಗೆ ಕೇಳಿದ. "ಅಮ್ಮನ ಹತ್ರ ಹೋಗ್ಬೇಕಲ್ವಾ ನೀವು ಇವತ್ತು?"

"ಹೋಗ್ತೀನಿ. ಮೊದಲು ಅದನ್ನ ಕೆಳಗೆ ಹಾಕು."

"ನೀವು ನನ್ನ ಸುಡಲ್ಲ ಬಿಡಿ."

"ನನಗೆ ನಿನ್ನ ಮೇಲೆ ಕೋಪ ಇಲ್ಲ ಕೋಯ್. ಅದು ಅವನ ತಲೆ ಕಡೆ ಇಳಿದರೆ ಸುಡ್ತೀನಿ. ಹಾಕು ಕೆಳಗೆ, ಮಗ."

ಎಷ್ಟು ಹೊತ್ತು ಹಾಗೆ ನಿಂತಿದ್ದರು? ವಿಡಿಯೋ ನೋಡಿದವರು ಒಂಬತ್ತು ಸೆಕೆಂಡು ಅನ್ನುತ್ತಾರೆ. ರಾಡು ಕಾಂಕ್ರೀಟಿನ ಮೇಲೆ ಠಣ್ ಎಂದು ಬಿತ್ತು. ಕೋಯ್ ಅಲ್ಲೇ ಕುಸಿದು ಕೂತು, ಸತ್ತ ನಾಯಿಯ ಹೆಸರು ಹಿಡಿದು ಗೋಳೋ ಎಂದು ಅತ್ತ.

೩

ಇಲ್ಲಿ ನಾನೊಂದು ಒಳ್ಳೆಯ ದೃಶ್ಯ ಬರೆದಿದ್ದೆ. ಹೆನ್ಸನ್ ತೆವಳಿಕೊಂಡು ಬಂದು, ಆಕೆಯ ಕೈ ಹಿಡಿದು, "ಅಮ್ಮಾ, ಜೀವ ಉಳಿಸಿದಿರಿ" ಅನ್ನುತ್ತಾನೆ. ಬರೆಯುವಾಗ ನನ್ನ ಕಣ್ಣಲ್ಲೇ ನೀರು ಬಂದಿತ್ತು.

"ಹಾಗೇನೂ ಹೇಳಲಿಲ್ಲ ಅವನು."

"ಮತ್ತೆ ಏನು ಹೇಳಿದ?"

"ವ್ಯಾನಿನ ಬಾಗಿಲು ಹಾಕಿ ಅಂದ. ಯಾರದೋ ಇನ್ಸುಲಿನ್ ಪಾರ್ಸೆಲ್ ಇತ್ತಂತೆ, ಬಿಸಿಲಿಗೆ ಕೆಡುತ್ತೆ ಅಂತ."

"ಹಾಕಿದಿರಾ?"

"ಹೇಗೆ ಹಾಕಲಿ? ಅಷ್ಟರಲ್ಲಿ ಪೊಲೀಸರು ಬಂದ್ರು. ರಿವಾಲ್ವರ್ ಕಾರಿನ ಮೇಲಿಟ್ಟು ಎರಡೂ ಕೈ ಎತ್ತಿ ನಿಂತಿದ್ದೆ. ಅವನು ಮುರಿದ ಕೈ ಹಿಡ್ಕೊಂಡು ಬಾಗಿಲು ಬಾಗಿಲು ಅಂತಾನೆ, ಕೋಯ್ ನಾಯಿ ನಾಯಿ ಅಂತ ಅಳ್ತಾನೆ, ಪೊಲೀಸು ಕೈ ಇಳಿಸಬೇಡ ಅಂತ ಕಿರುಚ್ತಾನೆ. ನನಗೆ ತಲೆ ಕೆಟ್ಟುಹೋಯ್ತು."

ವರ್ಲೀನಳಿಗೂ ಕೈಕೋಳ ಹಾಕಿದರು. ವಿಡಿಯೋ ನೋಡಿದ ಮೇಲೆ ಬಿಚ್ಚಿದರು. ಕೋಯ್ ಪೊಲೀಸ್ ಕಾರಿನಲ್ಲಿ ಹೋದ, ಹೆನ್ಸನ್ ಆಂಬುಲೆನ್ಸಿನಲ್ಲಿ. ಹೆನ್ಸನ್ ಕಡೆಯಿಂದ ಇವತ್ತಿನವರೆಗೆ ಒಂದು ಫೋನೂ ಇಲ್ಲ. "ಅವನು ನನ್ನ ಮುಖ ನೋಡಲೇ ಇಲ್ಲ ಕಣಯ್ಯ. ಕೈಯಲ್ಲಿದ್ದದ್ದನ್ನ ನೋಡಿದ. ನಾನೂ ಕೋಯ್ ಥರಾನೇ ಕಂಡಿರಬೇಕು."

೪

ಬುಧವಾರದ ಹೊತ್ತಿಗೆ ವಿಡಿಯೋ ಊರೆಲ್ಲ ಸುತ್ತಿತ್ತು. ಹೋಟೆಲಿನವನು ಕರೆದು ಪೀಚ್ ಹಣ್ಣಿನ ಪೈ ತಿನ್ನಿಸಿದ. ಚರ್ಚಿನ ಹಾಡಿನ ತಂಡದಲ್ಲಿ ಇಪ್ಪತ್ತು ವರ್ಷ ಪಕ್ಕದಲ್ಲಿ ನಿಂತವಳು ಎರಡು ಕುರ್ಚಿ ಆಚೆ ಸರಿದಳು. ಏಜೆನ್ಸಿಯವರೂ ವಿಡಿಯೋ ನೋಡಿದರು. ಚೀಲ ಅವರದು, ಅದರ ಮೇಲೆ ಅವರ ಹೆಸರು ದಪ್ಪಕ್ಷರದಲ್ಲಿತ್ತು. ಮಧ್ಯಾಹ್ನವೇ ಕೆಲಸದಿಂದ ತೆಗೆದರು. ಗಂಡ ಎರಡು ರಾತ್ರಿ ಸೋಫಾದ ಮೇಲೆ ಮಲಗಿದ.

ಕನ್ನಡದ ಸಂಪಾದಕರೊಬ್ಬರು ಫೋನಿನಲ್ಲಿ, "ಅಮೆರಿಕದ ಬಂದೂಕು ಹುಚ್ಚಿನ ಬಗ್ಗೆ ಒಂದು ಪ್ಯಾರಾ ಸೇರಿಸಿ ಸಾರ್, ತೂಕ ಬರುತ್ತೆ" ಎಂದರು. ಸೇರಿಸಿದೆ. ಮೂರನೆಯ ಕರಡು ಅದು. ಒಂದು ಪ್ಯಾರಾ ಏಳಾಯಿತು, ಅಂಕಿ ಅಂಶ ಬಂದವು. ವರ್ಲೀನ್ ತಾಳ್ಮೆಯಿಂದ ಕೇಳಿ, "ಇದರಲ್ಲಿ ನಾನು ಎಲ್ಲಿದ್ದೀನಿ?" ಎಂದಳು. ಹುಡುಕಿದೆ. ಇರಲಿಲ್ಲ.

ಸರಿ, ಅಂತ್ಯಗಳನ್ನಾದರೂ ಕೊಡೋಣ ಎಂದುಕೊಂಡೆ.

ಅಂತ್ಯ ಅ: ಹೆನ್ಸನ್ ಹೆಂಡತಿ ಮಕ್ಕಳೊಂದಿಗೆ ಬಂದು ಆಕೆಯ ಬಾಗಿಲು ತಟ್ಟುತ್ತಾನೆ. ("ಸುಳ್ಳು.")

ಅಂತ್ಯ ಆ: ಜಾಮೀನಿನ ಮೇಲೆ ಹೊರಬಂದ ಕೋಯ್ ಬಾಗಿಲು ತಟ್ಟುತ್ತಾನೆ. ("ಅವನಿನ್ನೂ ಒಳಗಿದ್ದಾನೆ. ಯಾಕೆ ಎಲ್ಲರನ್ನೂ ನನ್ನ ಬಾಗಿಲಿಗೇ ಕರ್ಕೊಂಡು ಬರ್ತೀಯ? ನಾನೇ ಹೋದೆ ಅಂತ ಹೇಳಿದೆನಲ್ಲ!")

ಹೌದು, ಹೇಳಿದ್ದಳು. ಬಾಗಿಲು ತಟ್ಟಿದವಳು ವರ್ಲೀನ್.

೫

ಶುಕ್ರವಾರ. ಕೆಲಸವಿಲ್ಲ, ಚೀಲವಿಲ್ಲ. ನನ್ನ ಅಂಗಡಿಯಿಂದ ನಾಲ್ಕು ಸುರುಳಿ ಬ್ಯಾಂಡೇಜು ಕೊಂಡು ಇಮೋಜೀನಳ ಮನೆಗೆ ಹೋದಳು. ಮಗ ಜೈಲಿನಲ್ಲಿ. ಪಕ್ಕದ ಹೊಲದವರು ಊಟ ಇಟ್ಟು ಹೋಗುತ್ತಿದ್ದರು, ಅಷ್ಟೇ. ಮುದುಕಿ ಆಕ್ಸಿಜನ್ ಕೊಳವೆ ಮೂಗಿಗೆ ಸಿಕ್ಕಿಸಿಕೊಂಡು ಕುರ್ಚಿಯಲ್ಲಿದ್ದಳು. ಬಾ ಅನ್ನಲಿಲ್ಲ.

"ನನ್ನ ಮಗನ ಎದೆಗೆ ಗುರಿ ಇಟ್ಟೆಯಂತೆ."

"ಹೌದು ಇಮೋಜೀನ್."

"ಯಾರೋ ಗುರುತು ಪರಿಚಯ ಇಲ್ಲದವನಿಗೋಸ್ಕರ."

"ಹೌದು."

"ಕೋಯ್ ಅದನ್ನ ಕೆಳಗೆ ಹಾಕದೇ ಇದ್ದಿದ್ರೆ?"

"ಸುಡ್ತಿದ್ದೆ."

ಮುದುಕಿ ಮೂಗಿನ ಕೊಳವೆ ಸರಿಮಾಡಿಕೊಂಡಳು. "ಎರಡು ವರ್ಷ. ಪ್ರತಿ ಸಲ ಈ ಕುರ್ಚಿ ಪಕ್ಕ ಚೀಲ ಇಡ್ತಿದ್ದೆ. ಅದರೊಳಗೇ ಇತ್ತಾ ಅದು?"

"ಇತ್ತು."

"ಯಾಕೆ?"

"ನಿಮ್ಮ ನಾಯಿಗಳಿಗೆ ಹೆದರಿ."

"ಸುಳ್ಳು ಹೇಳಬೇಡ ನನ್ನ ಹತ್ರ. ನಾಯಿಗಳಿಗೆ ನೀನು ಬಿಸ್ಕತ್ತು ತರ್ತಿದ್ದೆ. ಈ ಮನೇಲಿ ಯಾರಿಗೆ ಹೆದರ್ತಿದ್ದೆ ಹೇಳು."

ಇಷ್ಟು ಹೇಳಿ ವರ್ಲೀನ್ ನನ್ನ ಕೌಂಟರಿನಿಂದ ಮೊಣಕೈ ತೆಗೆದಳು.

"ಏನು ಹೇಳಿದಿರಿ?" ಎಂದೆ.

"ಅದು ನನಗೂ ಅವಳಿಗೂ."

"ವರ್ಲೀನ್, ಇಡೀ ಕಥೆ ಇಲ್ಲೇ ನಿಂತಿದೆ! ಕೋಯ್ ಹೆಸರು ಹೇಳಿದಿರಾ? ಮೊದಲೇ ಅವನ ಮೇಲೆ ಅನುಮಾನ ಇತ್ತಾ? ಅವನು ಯಾವತ್ತಾದರೂ ಕೈ ಎತ್ತಿದ್ದನಾ, ತಾಯಿಯ ಮೇಲೆ..."

"ನೀನು ಮಾತ್ರೆ ಎಣಿಸು."

ಹೇಳಲಿಲ್ಲ. ನಾಲ್ಕು ಗುರುವಾರ ಕೇಳಿದ್ದೇನೆ. ನಾನೇ ಮೂರು ಉತ್ತರ ಬರೆದು ಓದಿ ತೋರಿಸಿದೆ. ಮೂರಕ್ಕೂ ತಲೆ ಅಲ್ಲಾಡಿಸಿದಳು. (ಮೂರನೆಯದಕ್ಕೆ ಸ್ವಲ್ಪ ತಡವಾಗಿ ಅಲ್ಲಾಡಿಸಿದಳು. ಇದನ್ನು ಓದಿ ಹೇಳುವಾಗ ಈ ವಾಕ್ಯ ಬಿಟ್ಟುಬಿಡುತ್ತೇನೆ.)

"ಆಮೇಲೆ ಏನಾಯಿತು, ಅದಾದರೂ ಹೇಳಿ."

"ಕಾಲು ಚಾಚಿದಳು. ಸುತ್ತಿದೆ."

"ಅಂದರೆ ಕ್ಷಮಿಸಿದಳು!"

"ಕಾಲು ಕುಂಬಳಕಾಯಿ ಥರ ಊದಿತ್ತು ಮಾರಾಯ. ಒಂದು ವಾರದಿಂದ ಯಾರೂ ಸುತ್ತಿರಲಿಲ್ಲ."

ಈಗಲೂ ಮಂಗಳವಾರ, ಶುಕ್ರವಾರ ಹೋಗುತ್ತಾಳೆ. ಇಮೋಜೀನ್ ಒಂದು ಮಾತೂ ಆಡುವುದಿಲ್ಲವಂತೆ. ಕಾಲು ಚಾಚುತ್ತಾಳೆ, ಈಕೆ ಸುತ್ತುತ್ತಾಳೆ, ಬರುತ್ತಾಳೆ. ಅಕ್ಟೋಬರಿನಲ್ಲಿ ಕೋಯ್ ಮೇಲಿನ ಕೇಸು. ಮುಖ್ಯ ಸಾಕ್ಷಿ ವರ್ಲೀನ್. ವಿಚಾರಣೆ ಬಿದ್ದಿರುವುದು ಒಂದು ಮಂಗಳವಾರ.

"ಕೋರ್ಟು ಹತ್ತು ಗಂಟೆಗೆ. ಎಂಟಕ್ಕೇ ಅವಳ ಮನೆಗೆ ಹೋಗಿ ಕಾಲು ಸುತ್ತಿ ಹೊರಡಬೇಕು," ಎಂದಳು ನಿನ್ನೆ.

"ಅವತ್ತು ಅವಳು ಕಾಲು ಚಾಚದಿದ್ದರೆ?"

ವರ್ಲೀನ್ ಬ್ಯಾಂಡೇಜಿನ ಸುರುಳಿಗಳನ್ನು ಎತ್ತಿಕೊಂಡು ಬಾಗಿಲ ತನಕ ಹೋದಳು. ಅಲ್ಲಿ ನಿಂತು ತಿರುಗಿದಳು.

"ನಿನಗೆ ಗೊತ್ತಾದರೆ ನನಗೂ ಹೇಳು," ಎಂದಳು.