ಗವಿಯ ಬಾಗಿಲ ತನಕ

ನಾನೊಂದು ಡೋಲಿ. ಎರಡು ಗಟ್ಟಿ ಬಿದಿರುಗಳ ನಡುವೆ ಹಗ್ಗದಿಂದ ಬಿಗಿದ ಬೆತ್ತದ ಕುರ್ಚಿ. ನನ್ನನ್ನು ಹೆಣೆದವಳು ಮೇದಾರ ಓಣಿಯ ಹುಲಿಗೆವ್ವ. ಹೆಣೆದು ಮುಗಿಸಿದ ದಿನ ಮೊದಲು ತಾನೇ ಕೂತು, ಜಗ್ಗಿ ನೋಡಿ, ಇನ್ನು ಎಂಥ ಭಾರದವರು ಕೂತರೂ ತಡೆಯುತ್ತದೆ ಎಂದು ನನ್ನನ್ನು ಯಮನೂರಪ್ಪನಿಗೆ ಒಪ್ಪಿಸಿದಳು.

ಯಮನೂರಪ್ಪನ ಮನೆ ಹೆಬ್ಬಂಡೆ ಗುಡ್ಡದ ಬುಡದಲ್ಲಿತ್ತು. ಗುಡ್ಡದ ನೆತ್ತಿಯ ಹತ್ತಿರ, ಬಂಡೆಯ ಹೊಟ್ಟೆಯೊಳಗೆ ಗವಿ ನರಸಿಂಹನ ಗುಡಿ. ನೋಡಲು ದೂರದೂರುಗಳಿಂದ ಜನ ಬರುತ್ತಿದ್ದರು. ಹತ್ತಲಾರದವರನ್ನು ನನ್ನ ಮೇಲೆ ಕೂರಿಸಿ ಮುಂದೆ ಯಮನೂರಪ್ಪ, ಹಿಂದೆ ಅವನ ಹೆಂಡತಿಯ ತಮ್ಮ ಫಕೀರಪ್ಪ ಹೆಗಲು ಕೊಡುತ್ತಿದ್ದರು. ನನಗೆ ಯಮನೂರಪ್ಪನ ಮುಖಕ್ಕಿಂತ ಬೆನ್ನೇ ಹೆಚ್ಚು ಪರಿಚಯ. ಬಿದಿರು ಕೂರುವ ಜಾಗದಲ್ಲಿ ಅವನ ಚರ್ಮ ಎತ್ತಿನ ಹೆಗಲಿನಂತೆ ಗಡ್ಡೆಗಟ್ಟಿತ್ತು. ಏರಿನಲ್ಲಿ ಅವನು ಕೂತವರ ಜೊತೆ ಮಾತಾಡುತ್ತಿದ್ದ, ಅವರಿಗೆ ಹೆದರಿಕೆಯಾಗಬಾರದೆಂದು.

ಗವಿಯ ಬಾಯಿ ಬಂದ ಕೂಡಲೇ ನನ್ನನ್ನು ಇಳಿಸುತ್ತಿದ್ದರು. ಅಲ್ಲಿಂದ ಮುಂದೆ ಗುಡಿಯ ಆಳುಗಳು ಕೈಹಿಡಿದು ಕರೆದೊಯ್ಯುತ್ತಿದ್ದರು. ಯಮನೂರಪ್ಪ ಒಳಗೆ ಹೋಗಬಾರದೆಂದು ಯಾರೂ ಬೋರ್ಡು ಹಾಕಿರಲಿಲ್ಲ. ಅವನಪ್ಪ ಅಲ್ಲೇ ನಿಲ್ಲುತ್ತಿದ್ದ, ಇವನೂ ನಿಂತ. ಅವನ ಓಣಿಯವರೆಲ್ಲ ಹೊರಗಿನಿಂದಲೇ ಕೈಮುಗಿಯುವವರು.

ಒಂದು ಚಳಿಗಾಲ ಮೈಸೂರಿನಿಂದ ಕುಮುದಿನಿ ಎಂಬ ನಿವೃತ್ತ ಲೆಕ್ಚರರ್ ತಂಗಿಯ ಮಗಳೊಂದಿಗೆ ಬಂದರು. ಕುಮುದಿನಿಯವರ ಎರಡೂ ಮಂಡಿ ಹೋಗಿದ್ದವು. ಒಳ್ಳೆಯ ಹೆಂಗಸು. ಅರ್ಧ ದಾರಿಯಲ್ಲಿ ಡೋಲಿ ಇಳಿಸಲು ಹೇಳಿ ಇಬ್ಬರಿಗೂ ತಮ್ಮ ಬಾಟಲಿಯ ನೀರು ಕೊಟ್ಟರು. ಗವಿಯ ಬಾಯಲ್ಲಿ ಎಂದಿನಂತೆ ನನ್ನನ್ನು ಇಳಿಸಿದಾಗ ಅವರು ಏಳಲಿಲ್ಲ.

"ಯಾಕೆ ನಿಂತ್ರಿ? ಒಳಗೂ ಹೀಗೇ ಹೋಗೋಣ."

"ನಮ್ದು ಇಲ್ಲಿತನಕಾರೀ, ಅಮ್ಮಾರ," ಎಂದ ಯಮನೂರಪ್ಪ.

ಅವರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಮುಖ ಕೆಂಪಾಯಿತು. ಇದು ಯಾವ ಕಾಲ, ಕಾನೂನು ಏನು ಹೇಳುತ್ತದೆ ಎಂದೆಲ್ಲ ಹೇಳಿದರು. ಫಕೀರಪ್ಪ ನೆಲ ನೋಡುತ್ತ ಬೇಡವೆಂದು ತಲೆಯಾಡಿಸಿದ. ಅವರು ಯಮನೂರಪ್ಪನ ತೋಳು ಹಿಡಿದು, "ಬನ್ನಿ, ನಾನಿದ್ದೀನಿ," ಎಂದರು.

ಅವನು ಬಗ್ಗಿ ಬಿದಿರು ಹಿಡಿದ. ಬೇರೆ ದಾರಿಯಿಲ್ಲದೆ ಫಕೀರಪ್ಪನೂ ಹಿಡಿದ. ತಂಪು ಕತ್ತಲೆ, ಬಾವಲಿಯ ವಾಸನೆ, ಕಾಲಡಿಯಲ್ಲಿ ಜಿನುಗುವ ನೀರು. ಯಮನೂರಪ್ಪನ ಬೆನ್ನು ಏರಿನಲ್ಲೂ ಹಾಗೆ ನಡುಗಿದ್ದನ್ನು ನಾನು ಕಂಡಿರಲಿಲ್ಲ. ದೀಪದ ಬಳಿ ಪೂಜಾರಿ ಶೇಷಾಚಾರ್ ನಿಂತಿದ್ದರು. ತಂಗಿಯ ಮಗಳು ಮೊಬೈಲು ಎತ್ತಿ ಹಿಡಿದಿದ್ದಳು.

"ಬರ್ಲಿ, ಬರ್ಲಿ. ದೇವರಿಗೆ ಎಲ್ಲಾರೂ ಒಂದ," ಎಂದು ಆಚಾರ್ರು ನಕ್ಕರು. ತೀರ್ಥವನ್ನೂ ಕೊಟ್ಟರು, ಬೆರಳು ತಾಗದಷ್ಟು ಮೇಲಿನಿಂದ.

ಇಳಿಯುವಾಗ ಕುಮುದಿನಿಯವರ ಕಣ್ಣು ಒದ್ದೆಯಾಗಿತ್ತು. ತಮ್ಮ ನಂಬರು ಕೊಟ್ಟು ಅಂದೇ ಸಂಜೆಯ ಬಸ್ಸಿಗೆ ಹೊರಟುಹೋದರು.

ಯಾರೂ ಯಮನೂರಪ್ಪನನ್ನು ಹೊಡೆಯಲಿಲ್ಲ, ಬೈಯಲೂ ಇಲ್ಲ. ಮರುದಿನ ಗವಿ ತೊಳೆಸಿದರು. ವಾರ ಕಳೆಯುವಷ್ಟರಲ್ಲಿ ಬುಡದ ಕಾಯಿ ಅಂಗಡಿಯವರು ಬಂದವರಿಗೆಲ್ಲ, ಆ ಡೋಲಿ ಗಟ್ಟಿಯಿಲ್ಲ, ಬೀಳಿಸುತ್ತಾರೆ ಎನ್ನತೊಡಗಿದರು. ಗುಡಿಯ ಕಮಿಟಿ ಕಬ್ಬಿಣದ ಡೋಲಿಗಳನ್ನು ತರಿಸಿತು, ಹೊರಲು ಬೇರೆ ಓಣಿಯವರನ್ನು ಇಟ್ಟಿತು. ಯಮನೂರಪ್ಪ ನನ್ನನ್ನು ದಿನವೂ ಮೆಟ್ಟಿಲ ಬುಡಕ್ಕೆ ತಂದಿಡುತ್ತಿದ್ದ, ಸಂಜೆ ಹಾಗೆಯೇ ಹೊತ್ತೊಯ್ಯುತ್ತಿದ್ದ.

ಕಡೆಗೆ ಮೈಸೂರಿಗೆ ಫೋನು ಮಾಡಿದ. ಇದನ್ನು ಸುಮ್ಮನೆ ಬಿಡುವುದಿಲ್ಲ ಎಂದರು ಕುಮುದಿನಿ. ಅವರ ದನಿಯಲ್ಲಿ ನಿಜವಾಗಿಯೂ ಸಂಕಟವಿತ್ತು. ಎರಡನೆಯ ಸಲ ತಂಗಿಯ ಮಗಳು ಎತ್ತಿಕೊಂಡಳು. ದೊಡ್ಡಮ್ಮನಿಗೆ ಬಿಪಿ, ಇಂಥದ್ದನ್ನೆಲ್ಲ ಹೇಳಿ ತಲೆ ಕೆಡಿಸಬೇಡಿ ಎಂದಳು.

"ಆಕಿ ಕರದ್ಲು ಅಂತ ಹೋದಿ, ಮಾವ," ಎಂದ ಫಕೀರಪ್ಪ. "ಆಕಿ ಬಸ್ ಹತ್ತಿ ಹೋದ್ಲು. ನಾವೆಲ್ಲಿ ಹೋಗೂಣು?" ಅವನು ಆ ವಾರವೇ ಕಲ್ಲು ಕ್ರಷರಿನ ಕೆಲಸಕ್ಕೆ ಸೇರಿದ. ಮಳೆಗಾಲಕ್ಕೆ ಮುಂಚೆ ಯಮನೂರಪ್ಪನೂ ಸೇರಿದ. ಈಗ ಕೆಮ್ಮುತ್ತ ಮನೆಗೆ ಬರುತ್ತಾನೆ.

ನನ್ನ ಬಿದಿರುಗಳನ್ನು ಬಿಚ್ಚಿ ಚಪ್ಪರಕ್ಕೆ ಹಾಕಿದ್ದಾರೆ. ಕುರ್ಚಿ ಹಿತ್ತಲ ಗೋಡೆಗೆ ಒರಗಿದೆ, ಬೆತ್ತ ಒಂದೊಂದಾಗಿ ಬಿಡುತ್ತಿದೆ. ಒಂದು ಸಂಜೆ ಯಮನೂರಪ್ಪ ನನ್ನ ಪಕ್ಕ ಕೂತು ಕಾಲು ತೊಳೆಯುತ್ತಿದ್ದಾಗ ಅವನ ಹೆಂಡತಿ ಗಾಳೆವ್ವ, ಎಷ್ಟೋ ದಿನದಿಂದ ಒಳಗೇ ಇಟ್ಟುಕೊಂಡಿದ್ದ ಮಾತು ಕೇಳಿದಳು.

"ಒಳಗ ಹೋಗಿದ್ದ್ಯಲ್ಲ, ದೇವ್ರು ಹೆಂಗದಾನ?"

ಅವನು ನೀರು ಸುರಿಯುವುದನ್ನು ನಿಲ್ಲಿಸಿದ.

"ನೋಡ್ಲಿಲ್ಲ. ಆಚಾರ್ರ ಮಾರಿ ನೋಡ್ಕೋತ ನಿಂತಿದ್ದೆ."

ಗಾಳೆವ್ವ ಚೆಂಬು ತೆಗೆದುಕೊಂಡು ಒಳಗೆ ಹೋದಳು.

ನಾನು ನೋಡಿದ್ದೆ. ಮೊಣಕಾಲೆತ್ತರದ ಕಲ್ಲು, ಎಣ್ಣೆ ಕುಡಿದು ಕಪ್ಪಾಗಿತ್ತು. ಮೂಗು ಸವೆದು, ಸಿಂಹವೋ ಮನುಷ್ಯನೋ ತಿಳಿಯುತ್ತಿರಲಿಲ್ಲ. ಕೊರಳಲ್ಲಿ ಬಾಡಿದ ಕಣಗಿಲೆ ಹಾರ. ಅಷ್ಟೇ ಇದ್ದದ್ದು. ಇಷ್ಟನ್ನಾದರೂ ಅವನಿಗೆ ಹೇಳೋಣವೆಂದರೆ ನಾನು ಬರಿಯ ಕುರ್ಚಿ.