ಶಾಫ್ಟಿನ ಹೊಳಪು

ಲೋಕನಾಥ್ ಹೆಣದ ಮೇಲೆ ಹಾರ ಹಾಕಲು ಬಗ್ಗಿದ್ದಷ್ಟೆ, ಅನಂತಮ್ಮ ಅವನ ಕೈಯಿಂದ ಅದನ್ನು ಕಿತ್ತುಕೊಂಡು ಚರಂಡಿಗೆ ಎಸೆದಳು.

“ನಿನ್ನ ಹಳೇ ಮಿಷನ್ನೇ ನನ್ನ ಗಂಡನ್ನ ತಿಂದದ್ದು. ಹೂವು ತರಾಕ ನಾಚಿಕಿ ಇಲ್ಲೇನು ನಿನಗ?”

ನಿನ್ನೆಯವರೆಗೆ ಸೌಕಾರ್ರೇ ಎನ್ನುತ್ತಿದ್ದ ಬಾಯಿ ಇವತ್ತು ಏಕವಚನಕ್ಕಿಳಿದಿತ್ತು. ರಾಯದುರ್ಗದ ಆ ಓಣಿಯಲ್ಲಿ ಜನ ಅಳುವುದಕ್ಕಿಂತ ನೋಡುವುದಕ್ಕೇ ಸೇರಿದ್ದರು. ಲೋಕನಾಥನದು ಜೀನ್ಸ್ ಪ್ಯಾಂಟು ಒಗೆಯುವ ಯುನಿಟ್ಟು. ಅಲ್ಲಿ ಅನಂತಮ್ಮನ ಗಂಡ ಆದಿನಾರಾಯಣ ನಡೆಸುತ್ತಿದ್ದ ಮಿಷನ್ನಿನ ದಪ್ಪನೆಯ ಸ್ಟೀಲ್ ಶಾಫ್ಟು ಹೋದ ತಿಂಗಳು ಮುರಿದು, ಒದ್ದೆ ಬಟ್ಟೆ ತುಂಬಿದ ಡ್ರಮ್ಮು ಅವನ ಎದೆಗೆ ಬಡಿದಿತ್ತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಮಲಗಿದವನು ಮತ್ತೆ ಕಣ್ಣು ಬಿಡಲಿಲ್ಲ.

“ಹಳೇದಲ್ಲವ್ವ ಅದು,” ಎಂದ ಲೋಕನಾಥ್, ಓಣಿಗೆಲ್ಲ ಕೇಳುವಂತೆ. “ತಿಪ್ಪೇಶ, ನೀನ ಹೇಳಪ್ಪ.”

ಮಿಷನ್ ರಿಪೇರಿಯ ತಿಪ್ಪೇಶ ಹೆಣದ ಕಡೆ ನೋಡದೆ ಹೇಳಿದ. “ಮುರಿದ ತುಂಡು ಮಿಷನ್ ಕಂಪನಿಗೆ ಕಳಿಸಿದ್ವಿರಿ. ಆಸಿಡ್ ಹಾಕಿ ತಿಕ್ಯಾರ ಅಂದ್ರು. ಆಸಿಡ್ ಬಿದ್ರ ಹೈಡ್ರೋಜನ್ ಹುಟ್ಟಿ ಸ್ಟೀಲಿನೊಳಗ ಇಳೀತೈತಂತ. ಮ್ಯಾಲೆ ಫಳಫಳ, ಒಳಗ ಹಪ್ಪಳದಂಗ ಪೆಡಸು. ಡ್ರಮ್ಮು ತಿರುಗಿದಂಗೆಲ್ಲ ಕೂದಲಷ್ಟು ಬಿರುಕು ಬೆಳಕೊಂತ ಹೋಗತೈತಿ. ಹೊರಗ ಏನೂ ಕಾಣಂಗಿಲ್ರಿ.”

“ಕೇಳಿದ್ರೆಲ್ಲ? ತಿಕ್ಕಿದಾವ ಯಾರು? ಇವನೇ!” ಎಂದ ಲೋಕನಾಥ್, ಹೆಣದ ಕಡೆ ಕೈ ತೋರಿಸಿ.

ಎಲ್ಲರ ಕಣ್ಣೂ ಅನಂತಮ್ಮನ ಮೇಲೆ ಬಿದ್ದವು. “ತಾನ ತಂದ್ಕೊಂಡಾನ ಬಿಡು,” ಎಂದಿತು ಹಿಂದಿನಿಂದ ಒಂದು ದನಿ. ಸುಳ್ಳು ಎಂದು ಕೂಗಲು ಅವಳು ಬಾಯಿ ತೆರೆದಳು, ಅಷ್ಟರಲ್ಲಿ ಆ ಶಾಫ್ಟಿನ ಹೊಳಪು ಕಣ್ಣ ಮುಂದೆ ಬಂತು.

*

ಅಮಾವಾಸ್ಯೆ ಬಂದರೆ ಆದಿನಾರಾಯಣ ಪಾಯಿಖಾನೆ ತೊಳೆಯುವ ಆಸಿಡ್ ಸುರಿದು ಶಾಫ್ಟಿಗೆ ಹತ್ತಿದ ನೀಲಿ ಕರೆ ತಿಕ್ಕುತ್ತಿದ್ದ. ಆಮೇಲೆ ಕುಂಕುಮ, ನಿಂಬೆಹಣ್ಣು. ಮನೆಯಲ್ಲಿ ಕುಡಿದ ಲೋಟ ಎತ್ತಿಡದ ಮನುಷ್ಯ ಮಿಷನ್ನಿಗೆ ಮಾತ್ರ ಮದುವಣಗಿತ್ತಿಯ ಉಪಚಾರ ಮಾಡುತ್ತಿದ್ದ.

ಆಯುಧಪೂಜೆಯ ದಿನ ಹೆಂಡತಿಯನ್ನು ಕರೆದೊಯ್ದು ತೋರಿಸಿದ್ದ. “ನೋಡು, ನಿನ್ನ ಮುಖ ಕಾಣತೈತಿ.”

“ನನ್ನ ಮುಖ ನೋಡಾಕ ನಿನಗ ಮಿಷನ್ ಬೇಕಾತೇನು?” ಎಂದು ಅವಳು ನಕ್ಕಿದ್ದಳು.

ಲೋಕನಾಥ್ ಅವತ್ತು ಅವನಿಗೆ ಶಾಲು ಹೊದಿಸಿ, “ಎಲ್ಲರೂ ಇವನ್ನ ನೋಡಿ ಕಲೀರಿ,” ಎಂದಿದ್ದ. ಎಲ್ಲರೂ ಕಲಿತರು. ಪಕ್ಕದ ಮಿಷನ್ ನಡೆಸುವ, ಆದಿನಾರಾಯಣನ ತಮ್ಮ ಎರ್ರಪ್ಪನಂತೂ ಅಣ್ಣನಿಗಿಂತ ಒಂದು ಕೈ ಮೇಲಾದ.

*

“ಹೌದು, ನನ್ನ ಗಂಡನೇ ತಿಕ್ಯಾನ,” ಎಂದಳು ಅನಂತಮ್ಮ.

ಲೋಕನಾಥ್ ನಿರಾಳವಾಗಿ ಉಸಿರು ಬಿಟ್ಟ.

“ಅವನ್ನ ನೋಡಿ ಎಲ್ಲಾರೂ ತಿಕ್ಯಾರ. ಶಾಲು ಹೊದಿಸಿ ಕಲಿಸಿದಾವ ನೀನು. ಮತ್ತ ಆ ಮಿಷನ್ನೆಲ್ಲ ಇನ್ನೂ ಯಾಕ ಓಡಾಕ ಹತ್ಯಾವ? ನಾಳೆ ಎರ್ರಪ್ಪ ಅದರ ಮುಂದ ನಿಂದ್ರಬೇಕೇನು?”

“ಅದೆಲ್ಲ ಈಗ್ಯಾಕವ್ವ? ಕಂಪನಿಯವರು ನೂರು ಹೇಳ್ತಾರ. ಎಲ್ಲಾ ಮುರೀತಾವಂತೇನು? ಆರ್ಡರ್ ಕಳಿಸಬೇಕು.”

ಈಗಷ್ಟೇ ಅವನೇ ಡಂಗುರ ಸಾರಿದ ಮಾತು ಅವನಿಗೇ ಬೇಡವಾಗಿತ್ತು. ಅನಂತಮ್ಮ ತಿಪ್ಪೇಶನ ಕಡೆ ತಿರುಗಿದಳು. ಅವನು ಗುಂಪಿನ ಹಿಂದಕ್ಕೆ ಸರಿದ.

ಚಟ್ಟ ಎದ್ದಿತು. ದಾರಿಯ ನಡುವೆ ಒಮ್ಮೆ ಅದನ್ನು ಇಳಿಸಿ, ಸತ್ತವನ ಕಿವಿಯಲ್ಲಿ ಮೂರು ಸಲ ಹೆಸರು ಕರೆಯುವುದು ಅವರ ಪದ್ಧತಿ. ಹೆಂಗಸರು ಅಲ್ಲಿಂದಲೇ ಹಿಂದಿರುಗಬೇಕು. ಯುನಿಟ್ಟಿನ ಗೇಟು ಬಂದದ್ದೇ ಅನಂತಮ್ಮ ಮುಂದೆ ಹೋಗಿ ಅಡ್ಡ ನಿಂತಳು.

“ಇಲ್ಲೇ ಇಳಸ್ರಿ.”

“ಹುಣಸಿಮರದ ಹತ್ರ ಅಲ್ಲೇನು ಅತ್ತಿಗೀ?” ಎಂದ ಚಟ್ಟ ಹೊತ್ತಿದ್ದ ಎರ್ರಪ್ಪ.

“ಇಲ್ಲೇ. ಒಳಗ ಮಿಷನ್ ನಿಲ್ಲೋತನಕ ಹೆಣ ಏಳಂಗಿಲ್ಲ. ನಿನ್ನೂ ಹಿಂಗ ಹೊರಸ್ಲೇನು ನಾನು?”

ಎರ್ರಪ್ಪ ಮೊದಲು ಬಗ್ಗಿದ. ಗೇಟಿಗೆ ಅಡ್ಡವಾಗಿ ಚಟ್ಟ ಇಳಿಯಿತು. ಪೊಲೀಸರನ್ನು ಕರೆಸುತ್ತೇನೆಂದು ಲೋಕನಾಥ್ ಕೂಗಾಡಿದ. ಹೊರಡಲು ನಿಂತಿದ್ದ ಲೋಡಿನ ಲಾರಿ ಹಾರ್ನ್ ಹೊಡೆದು ಹೊಡೆದು ಸುಮ್ಮನಾಯಿತು. ಒಳಗಿನ ಕೆಲಸದವರು ಕಿಟಕಿಗೆ ಬಂದು ನೋಡಿದರು.

ಎರ್ರಪ್ಪ ಅಣ್ಣನ ಕಿವಿಯ ಹತ್ತಿರ ಬಾಯಿಟ್ಟು ಕರೆದ. ಡ್ರಮ್ಮುಗಳ ಗದ್ದಲದಲ್ಲಿ ಅದು ಪಕ್ಕದಲ್ಲಿದ್ದ ಅನಂತಮ್ಮನಿಗೂ ಕೇಳಲಿಲ್ಲ. ಎರಡನೆಯ ಸಲ ಕರೆಯುವಾಗ ಒಳಗೆ ಯಾರೋ ಒಂದು ಮಿಷನ್ ನಿಲ್ಲಿಸಿದರು. ಆಮೇಲೆ ಇನ್ನೊಂದು ನಿಂತಿತು, ಮತ್ತೊಂದು.

“ಆದಿನಾರಾಯಣಣ್ಣಾ!”

ಮೂರನೆಯ ಸಲ ಕರೆದದ್ದು ಓಣಿಯ ಆಚೆ ತುದಿಯವರೆಗೂ ಕೇಳಿಸಿತು.